ನಲ್ಲಿ ಬಿಟ್ಟು ಊರಿಗೆ ಹೋದೆ, ಡೆಪಾಸಿಟ್‌ನಲ್ಲಿ 62 ಸಾವಿರ ಹೋಯ್ತು

ಇವತ್ತು ನನ್ನ ದಡ್ಡತನದ ಕಥೆಯಿಂದಲೇ ಶುರು ಮಾಡ್ತೀನಿ.

ಎರಡು ವರ್ಷದ ಹಿಂದಿನ ಬೇಸಿಗೆ. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಬೆಳಗ್ಗೆ ನೀರಿರಲಿಲ್ಲ. ಸಿಂಕ್‌ನ ನಲ್ಲಿ ತಿರುಗಿಸಿದೆ, ಬರೀ ಗಾಳಿ. ಹಾಗೇ ಬಿಟ್ಟು ಊರಿಗೆ ಬಸ್ ಹತ್ತಿದೆ. ಸಂಜೆ ಟ್ಯಾಂಕರ್ ಬಂತು, ನೀರೂ ಬಂತು. ಸಿಂಕ್‌ನ ತೂತಿಗೆ ಒರೆಸೋ ಬಟ್ಟೆ ಅಡ್ಡ ಕೂತಿತ್ತು. ಮರುದಿನ ಕೆಳಗಿನ ಮನೆಯ ಸೀಲಿಂಗ್ ತೊಟ್ಟಿಕ್ಕಿದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಓನರ್ ಮಾಡಿಸಿದ್ದ ಪ್ಲೈವುಡ್ ಕಪಾಟುಗಳು ಬುಡದಿಂದ ಉಬ್ಬಿಹೋಗಿದ್ವು.

ಓನರ್ ತಂದ ಎಸ್ಟಿಮೇಟು 95 ಸಾವಿರ. "ಅಂಕಲ್, ಟೆನ್ಷನ್ ಬೇಡ, ನನ್ನ ಹತ್ರ ಇನ್ಶೂರೆನ್ಸ್ ಇದೆ" ಅಂದೆ. ಬಿ.ಕಾಂ ಓದಿದ ಧೈರ್ಯ! ಕಂಪನಿಗೆ ಫೋನ್ ಮಾಡಿದ್ರೆ, "ಅದು ನಿಮ್ಮ ಸಾಮಾನಿಗೆ ಮಾತ್ರ. ಕಪಾಟು ಓನರ್‌ದಲ್ವಾ?" ಅಂದ್ರು.

ಅಲ್ಲೇ ಇರೋದು ವಿಷಯ. 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಸ್ಟ್ಯಾಂಡರ್ಡ್ ಪಾಲಿಸಿ ಇದೆ. ಕಟ್ಟಡಕ್ಕೂ ತಗೋಬಹುದು, ಮನೆಯೊಳಗಿನ ವಸ್ತುಗಳಿಗಷ್ಟೇ ಬೇಕಾದ್ರೂ ತಗೋಬಹುದು. ಬಾಡಿಗೆದಾರರಿಗೆ ಸಿಗೋದು ಎರಡನೇದು. ನನ್ನ ಟಿವಿ, ನನ್ನ ಹಾಸಿಗೆ, ಅಷ್ಟೇ. ನನ್ನಿಂದ ಬೇರೆಯವರಿಗಾದ ನಷ್ಟ ತುಂಬಿಕೊಡೋದು ಬೇರೆಯದೇ ವಿಮೆ, ಅದರ ಹೆಸರು ಲಯಬಿಲಿಟಿ ಕವರ್. ಕೆಲವು ಹೋಮ್ ಪಾಲಿಸಿಗಳಲ್ಲಿ ಆಡ್-ಆನ್ ಆಗಿ ಸಿಗುತ್ತೆ.

ಅದರಲ್ಲೂ ಒಂದು ಗುಂಡಿ ಇದೆ. 'ನಿಮ್ಮ ಸುಪರ್ದಿಯಲ್ಲಿರುವ ಆಸ್ತಿ'ಗೆ ಆದ ಹಾನಿ ಕೊಡಲ್ಲ ಅಂತ ಇಂಥ ಕವರ್‌ಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತೆ. ಅಂದ್ರೆ ಕೆಳಗಿನ ಮನೆಯ ಸೀಲಿಂಗ್‌ಗೆ ದುಡ್ಡು ಬರಬಹುದು, ನಾನಿದ್ದ ಮನೆಯ ಕಪಾಟಿಗೆ ಬರದೇ ಇರಬಹುದು! ಬಾಡಿಗೆದಾರನ ಹೊಣೆ, ಟೆನೆಂಟ್ಸ್ ಲಯಬಿಲಿಟಿ, ಅಂತ ಸ್ಪಷ್ಟವಾಗಿ ಬರೆದಿದ್ರೆ ಮಾತ್ರ ನಂಬಿ.

ಮ್ಯೂನಿಕ್‌ನಲ್ಲಿರೋ ನನ್ನ ಫ್ರೆಂಡ್ ಇದನ್ನ ಕೇಳಿ ನಕ್ಕಳು. ಜರ್ಮನಿಯಲ್ಲಿ ಖಾಸಗಿ ಹೊಣೆಗಾರಿಕೆ ವಿಮೆ ಕಡ್ಡಾಯ ಅಲ್ಲ, ಆದ್ರೂ ಬಹುಪಾಲು ಮನೆಗಳಲ್ಲಿ ಇದೆಯಂತೆ. ಬಾಡಿಗೆ ಮನೆಯ ನೆಲ, ಬಾಗಿಲಿಗೆ ಅಕಸ್ಮಾತ್ ಆದ ಹಾನಿಯೂ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತೆ. ನಮ್ಮಲ್ಲಿ ಆ ಕೆಲಸವನ್ನ ಡೆಪಾಸಿಟ್ ಮಾಡುತ್ತೆ, ಅದೂ ನಮ್ಮದೇ ದುಡ್ಡಲ್ಲಿ.

ಇನ್ನು ಜಗಳ. ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೇ ಸೆಕ್ಷನ್ ಪ್ರಕಾರ ಮನೆಯನ್ನ ತಗೊಂಡ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದ್ರೆ ಸಹಜ ಸವಕಳಿಗೆ ಬಾಡಿಗೆದಾರ ಹೊಣೆ ಅಲ್ಲ. ನಾನು ಹಿಡ್ಕೊಂಡಿದ್ದು ಇದನ್ನೇ. "ಅಂಕಲ್, ತಪ್ಪು ನಂದೇ, ಒಪ್ಕೋತೀನಿ. ಆದ್ರೆ ಒಂಬತ್ತು ವರ್ಷದ ಕಪಾಟಿಗೆ ಹೊಸ ಕಪಾಟಿನ ರೇಟಾ?" ಅಂದೆ. ಅವರು "ಚೆನ್ನಾಗೇ ಇತ್ತಲ್ಲಪ್ಪ" ಅಂದ್ರು. ಮನೆಗೆ ಬಂದ ದಿನದ ಒಂದು ಫೋಟೋನೂ ನನ್ನ ಹತ್ರ ಇರಲಿಲ್ಲ. ಮೂರು ಭಾನುವಾರ ಮಾತಾಡಿ 62 ಸಾವಿರಕ್ಕೆ ನಿಂತ್ವಿ. ಕೆಳಗಿನ ಮನೆಯ ಪೇಂಟಿಂಗ್ ಖರ್ಚು ಬೇರೆ.

ಹೊಸ ಮನೆಗೆ ಬಂದಾಗ ಇಪ್ಪತ್ತು ನಿಮಿಷದ ವಿಡಿಯೋ ಮಾಡಿ, ಓನರ್ ಆಂಟಿಗೆ ವಾಟ್ಸಾಪ್ ಮಾಡಿದೆ. ನಾಲ್ಕು ವಿಮಾ ಕಂಪನಿಗಳಿಗೆ ಒಂದೇ ಪ್ರಶ್ನೆ ಈಮೇಲ್ ಹಾಕಿದೀನಿ: "ನನ್ನ ತಪ್ಪಿನಿಂದ ಓನರ್ ಕಪಾಟು ಹಾಳಾದ್ರೆ ಕೊಡ್ತೀರಾ, ಇಲ್ವಾ?" ಇಲ್ಲಿವರೆಗೆ ಉತ್ತರ ಬಂದಿರೋದು ಒಂದೇ ಒಂದು, ಅದೂ ಬ್ರೋಷರ್. ಸರಿಯಾದ ಉತ್ತರ ಸಿಕ್ಕ ದಿನ ಇಲ್ಲೇ ಓದಿ ಹೇಳ್ತೀನಿ.