ಸ್ಪ್ರಿಂಗು, ಹ್ಯಾಂಡಲು ಮತ್ತು ಸವಾರನ ಭಾರ



1950ನೆಯ ಇಸವಿಯಲ್ಲಿ, ಬೆಲ್‌ಫಾಸ್ಟಿನ ಮೆಕ್ಯಾಂಡ್ಲೆಸ್ ಸಹೋದರರು ರೂಪಿಸಿದ ‘ಫೆದರ್‌ಬೆಡ್’ ಚೌಕಟ್ಟಿನ ನಾರ್ಟನ್ ಮೋಟಾರ್‌ಸೈಕಲ್ಲನ್ನೇರಿ ಜೆಫ್ ಡ್ಯೂಕ್ ಅವರು ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಪಂದ್ಯವನ್ನು ಗೆದ್ದಾಗ, ಆ ವಾಹನದ ಎಂಜಿನು ಒಂದೇ ಸಿಲಿಂಡರಿನ ಹಳೆಯ ವಿನ್ಯಾಸದ್ದಾಗಿದ್ದಿತು. ಪ್ರತಿಸ್ಪರ್ಧಿಯಾದ ಇಟಲಿಯ ಜಿಲೆರಾಕ್ಕಾದರೋ ನಾಲ್ಕು ಸಿಲಿಂಡರುಗಳ ಬಲವಿದ್ದಿತು. ಆದರೂ ಮರುವರ್ಷ ಡ್ಯೂಕ್ ಅವರು ನಾರ್ಟನ್ನಿನ ಮೇಲೆಯೇ ವಿಶ್ವವಿಜೇತರಾದರು. ಸಾಮರ್ಥ್ಯದ ಕೊರತೆಯನ್ನು ತುಂಬಿಕೊಟ್ಟುದು ಆ ಚೌಕಟ್ಟಿನ ದೃಢತೆ ಮತ್ತು ಹಿಂಚಕ್ರವನ್ನು ನೆಲದಿಂದ ಅಗಲಗೊಡದ ಸಸ್ಪೆನ್ಷನ್. ನಾರ್ಟನ್ನಿಗೆ ಬರುವ ಮುನ್ನ ಈ ಸಹೋದರರು ಸ್ಪ್ರಿಂಗಿಲ್ಲದ ಬೈಕುಗಳಿಗೆ ಹಿಂಬದಿಯ ಸಸ್ಪೆನ್ಷನ್ ಜೋಡಿಸಿಕೊಡುವ ಕಾರ್ಯದಲ್ಲಿ ತೊಡಗಿದ್ದರೆಂಬುದು, ಬೈಕುಗಳ ಪರಿವರ್ತನೆಯನ್ನೇ ವಿಷಯವಾಗಿಸಿಕೊಂಡ ಈ ಗೋಷ್ಠಿಗೆ ವಿಶೇಷವಾಗಿ ಸ್ಮರಣಾರ್ಹವಾದುದು.

ನಮ್ಮಲ್ಲಿ ಪರಿವರ್ತನೆಯು ಬಹುಮಟ್ಟಿಗೆ ಹ್ಯಾಂಡಲಿನಿಂದ ಆರಂಭವಾಗುತ್ತದೆ. ಕಣ್ಣಿಗೆ ಮೊದಲು ಕಾಣುವುದು ಅದೇ ಆದುದರಿಂದ ಇದು ಸಹಜವಾದರೂ, ಈ ಕ್ರಮವು ವಿಪರೀತವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ. ಸವಾರನು ತನ್ನ ಹೆಲ್ಮೆಟ್ಟು, ಚೀಲಗಳ ಸಮೇತ ಕುಳಿತಾಗ ಸ್ಪ್ರಿಂಗು ಎಷ್ಟು ಕುಗ್ಗುತ್ತದೆಯೆಂಬುದನ್ನು ಮೊದಲು ಅಳೆಯಬೇಕು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಒಟ್ಟು ಚಲನೆ 120 ಮಿಲಿಮೀಟರ್ ಇರುವ ರಸ್ತೆಯ ಬೈಕಿನಲ್ಲಿ ಆ ಕುಗ್ಗು ಸುಮಾರು 30ರಿಂದ 40 ಮಿಲಿಮೀಟರ್ ಇರುವುದು ಯುಕ್ತ. ಮಿತಿಮೀರಿದರೆ ಬ್ರೇಕು ಹಿಡಿದೊಡನೆ ಮುಂಭಾಗ ಕುಸಿದು ತಳಮುಟ್ಟುವ ಭಯ, ತೀರ ಕಡಿಮೆಯಾದರೆ ರಸ್ತೆಯ ತಗ್ಗಿನೊಳಕ್ಕೆ ಚಕ್ರವಿಳಿಯಲು ಅವಕಾಶ ಸಾಲದೆ ಹಿಡಿತ ತಪ್ಪುವ ಭಯ. ಪ್ರೀಲೋಡನ್ನು, ಅಂದರೆ ಸ್ಪ್ರಿಂಗಿಗೆ ಮೊದಲೇ ಕೊಟ್ಟಿರುವ ಒತ್ತನ್ನು, ಬಿಗಿದರೆ ಸಾಮಾನ್ಯ ಸ್ಪ್ರಿಂಗು ಗಡುಸಾಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ವಸ್ತುತಃ ಬದಲಾಗುವುದು ವಾಹನವು ನಿಲ್ಲುವ ಎತ್ತರವೇ ಹೊರತು ಸ್ಪ್ರಿಂಗಿನ ಗುಣವಲ್ಲ. ಭಾರವಾದ ಸವಾರನಿಗೆ ಬೇಕಾದುದು ಬೇರೊಂದು ಸ್ಪ್ರಿಂಗು, ಮತ್ತು ಅದರ ಮರುಚಿಮ್ಮುವಿಕೆಯನ್ನು ತಡೆಯಬಲ್ಲ, ತಕ್ಕ ಸ್ನಿಗ್ಧತೆಯ ಫೋರ್ಕ್ ಆಯಿಲ್.

ಇಷ್ಟಾದ ಮೇಲೆ ಹ್ಯಾಂಡಲಿನ ಸರದಿ. ತಗ್ಗಾದ ಹ್ಯಾಂಡಲು ಮುಂಚಕ್ರದ ಮೇಲಣ ಭಾರವನ್ನು ಹೆಚ್ಚಿಸುವುದರಿಂದ ಫೋರ್ಕನ್ನು ಮತ್ತೆ ಅಳೆಯಬೇಕಾಗುತ್ತದೆ. ಅಗಲವಾದುದು ತಿರುಗಿಸುವ ಶ್ರಮವನ್ನು ತಗ್ಗಿಸಿದರೂ, ನೆಟ್ಟಗೆ ಕುಳಿತ ಸವಾರನ ಎದೆಗೆ ಬಡಿಯುವ ಗಾಳಿಯ ಒತ್ತಡವನ್ನು ತೋಳುಗಳ ಮೂಲಕ ಮುಂಚಕ್ರಕ್ಕೆ ಮುಟ್ಟಿಸುತ್ತದೆ. ಎರಡು ಕಡೆಗೂ ಪೂರ್ತಿ ತಿರುಗಿಸಿದಾಗ ಕ್ಲಚ್ ಕೇಬಲ್ಲಾಗಲಿ ಬ್ರೇಕಿನ ಹೋಸಾಗಲಿ ಎಳೆಯಲ್ಪಡುವಂತಿದ್ದರೆ, ಆ ಬೈಕನ್ನು ರಸ್ತೆಗಿಳಿಸಲೇಬಾರದು.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿಯ ಯೆಜ್ದಿ ಬೈಕುಗಳನ್ನು ಇಂದಿಗೂ ಓಡಿಸುತ್ತಿರುವವರಿದ್ದಾರೆ; ಅವರ ಅನುಭವವು ಇಲ್ಲಿ ಲಿಖಿತರೂಪಕ್ಕೆ ಬರಬೇಕೆಂಬುದು ನನ್ನ ಹಂಬಲ. ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸಿರುವ ನಿರ್ಬಂಧವೂ ಚರ್ಚೆಗೆ ಬರಲಿ. ಪ್ರಬಂಧ ಮಂಡಿಸುವವರೆಲ್ಲರೂ ಸವಾರನ ತೂಕ, ಸ್ಪ್ರಿಂಗಿನ ಕುಗ್ಗು, ಹ್ಯಾಂಡಲಿನ ಅಗಲ ಎಂಬೀ ಮೂರು ಅಳತೆಗಳನ್ನು, ಬದಲಾವಣೆಗೆ ಮುಂಚಿನದನ್ನೂ ಅನಂತರದ್ದನ್ನೂ, ತಪ್ಪದೆ ತಿಳಿಸಬೇಕೆಂದು ಪ್ರಾರ್ಥಿಸಿ, ಮೊದಲನೆಯ ಗೋಷ್ಠಿಯ ವಿದ್ವಾಂಸರನ್ನು ವೇದಿಕೆಗೆ ಆಹ್ವಾನಿಸುತ್ತೇನೆ.