ಶಾಲೆಗೆ ಸಾಲ: ಹೌದೋ, ಬೇಡವೋ?



ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಪದ್ಧತಿ ಹೇಳ್ತೀವಿ, ಕೇಳಿ.

ಅಲ್ಲಿ ಶಾಲೆ ರಿಪೇರಿಗೆ ಶಾಲಾ ಮಂಡಳಿ ಸಾಲ ಎತ್ತುತ್ತದೆ. ಸಾಲ ಕೊಟ್ಟವರಿಗೆ ಬಾಂಡ್ ಎಂಬ ಪತ್ರ ಕೊಡುತ್ತದೆ. ತೀರಿಸುವವರು ಯಾರು? ಊರಿನವರೇ. ಮನೆ, ಜಮೀನಿನ ತೆರಿಗೆಯಿಂದ ಅಸಲು, ಬಡ್ಡಿ ಎರಡೂ ತೀರಬೇಕು. ಅದಕ್ಕೇ ಮೊದಲು ಊರಿನವರ ಓಟು ಕೇಳುತ್ತಾರೆ. ಹೌದೋ, ಬೇಡವೋ?

ಹಿಂದೆ ಮೂರರಲ್ಲಿ ಎರಡು ಪಾಲು ಓಟು ಬೇಕಿತ್ತು. 2000ದಲ್ಲಿ ಜನರೇ ಓಟು ಹಾಕಿ ಕಾನೂನು ಬದಲಿಸಿದರು. ಈಗ 100ಕ್ಕೆ 55 ಸಾಕು. ಆದರೆ ಷರತ್ತು ಉಂಟು. ಕೆಲಸಗಳ ಪಟ್ಟಿ ಮೊದಲೇ ಕೊಡಬೇಕು. ಆ ದುಡ್ಡಲ್ಲಿ ಸಂಬಳ ಕೊಡುವಂತಿಲ್ಲ. ಊರಿನವರ ಸಮಿತಿ ಖರ್ಚು ನೋಡಬೇಕು.

ಪಟ್ಟಿ ಓದದೆ ಓಟು ಹಾಕಿದರೆ ಸಾಲ ಮಾತ್ರ ಉಳಿದೀತು, ಅಲ್ವಾ?

ಶಾಲೆಯ ಮಾತು ನಮ್ಮ ಗ್ರಾಮಸಭೆಗೂ ಬರುತ್ತದೆ. ನಾವೂ ಲೆಕ್ಕ ಓದೋಣ. ತಿಳಿಯದ್ದು ಕೇಳೋಣ. ಆಮೇಲೆ ಕೈ ಎತ್ತೋಣ.