ಸರಗೂರಿನ ಮೇಲ್ ಸ್ಪ್ಯಾಮ್‌ಗೆ ಯಾಕೆ ಬಿತ್ತು?

ಒಂದು ಸಂಸ್ಥೆ ಇದೆ ಅಂತಿಟ್ಕೊಳ್ಳಿ. ಹೆಡ್ ಆಫೀಸ್ ಮೈಸೂರಲ್ಲಿ, ಶಾಖೆ ಸರಗೂರಲ್ಲಿ. ಸರಗೂರಿನವರು ಬ್ರಾಡ್‌ಬ್ಯಾಂಡ್‌ನಿಂದ ಲಾಗಿನ್ ಆಗಿ, ಸಂಸ್ಥೆಯದ್ದೇ ಮೇಲ್ ಸರ್ವರ್ ಮೂಲಕ ತಿಂಗಳ ವರದಿ ಕಳಿಸ್ತಾರೆ. ಅದು ನೇರವಾಗಿ ಹೆಡ್ ಆಫೀಸಿನ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಬೀಳುತ್ತೆ. ವರದಿಯಲ್ಲಿ ಏನೂ ತಪ್ಪಿಲ್ಲ. ಎಡವಟ್ಟಾಗಿರೋದು ಐಪಿ ವಿಳಾಸದ ಲೆಕ್ಕದಲ್ಲಿ.

ಮೊದಲು ಮೇಲ್‌ನ ಪೂರ್ತಿ ಹೆಡರ್ ತೆಗೀರಿ. 'ರಿಸೀವ್ಡ್' ಅಂತ ಶುರುವಾಗೋ ಸಾಲುಗಳಿರುತ್ವೆ. ದಾರಿಯಲ್ಲಿ ಸಿಕ್ಕ ಪ್ರತಿ ಸರ್ವರ್ ತನ್ನ ಸಾಲನ್ನ ಎಲ್ಲಕ್ಕಿಂತ ಮೇಲೆ ಸೇರಿಸುತ್ತೆ. ಹಾಗಾಗಿ ಕೆಳಗಿನಿಂದ ಓದ್ತಾ ಬನ್ನಿ.

ಅಲ್ಲಿ ಕಾಣೋ ಶಾಖೆಯ ಐಪಿ 203.0.113.25 ಅಂದ್ಕೊಳ್ಳೋಣ. ಅದು ಸ್ಪ್ಯಾಮ್‌ಹೌಸ್ ಸಂಸ್ಥೆಯ ತಡೆಪಟ್ಟಿಗಳಲ್ಲಿ ಇದ್ಯಾ ಅಂತ ತಿಳಿಯೋಕೆ ಸ್ಪ್ಯಾಮ್ ಫಿಲ್ಟರ್ ಅದನ್ನ 25.113.0.203 ಅಂತ ತಿರುಗಿಸಿ, ಮುಂದೆ 'ಝೆನ್ ಡಾಟ್ ಸ್ಪ್ಯಾಮ್‌ಹೌಸ್ ಡಾಟ್ ಆರ್ಗ್' ಸೇರಿಸಿ ಡಿಎನ್‌ಎಸ್‌ನಲ್ಲಿ ಕೇಳುತ್ತೆ. ಉತ್ತರ 127.0.0.10 ಅಥವಾ 11 ಬಂದ್ರೆ ಅದು ಪಿಬಿಎಲ್ ಪಟ್ಟಿ. ಗಾಬರಿ ಬೇಡ, ಅದು ಸ್ಪ್ಯಾಮ್ ಕಳಿಸಿ ಸಿಕ್ಕಿಬಿದ್ದವರ ಪಟ್ಟಿ ಅಲ್ಲ. ಸಾಮಾನ್ಯ ಬ್ರಾಡ್‌ಬ್ಯಾಂಡ್ ಐಪಿಯಿಂದ ಬೇರೆಯವರ ಸರ್ವರ್‌ಗೆ ನೇರವಾಗಿ ಮೇಲ್ ತಲುಪಿಸಬಾರದು ಅನ್ನೋ ನಿಯಮ, ಅಷ್ಟೇ. ನಮ್ಮವರು ಲಾಗಿನ್ ಆಗಿ ಕಳಿಸಿದ್ದಾರೆ, ಅವರಿಗೆ ಆ ನಿಯಮವೇ ಅನ್ವಯಿಸಲ್ಲ.

ಲಾಗಿನ್ ಆಗಿರೋದು ಫಿಲ್ಟರ್‌ಗೆ ಗೊತ್ತಾಗಿದ್ಯಾ ನೋಡಿ. ಸರ್ವರ್ ಬರೆದ ರಿಸೀವ್ಡ್ ಸಾಲಲ್ಲಿ 'ಇಎಸ್‌ಎಂಟಿಪಿಎಸ್‌ಎ' ಅಂತಿರಬೇಕು. ಕೊನೆಯ 'ಎ' ಇಲ್ಲದಿದ್ರೆ ಸ್ಪ್ಯಾಮ್‌ಅಸಾಸಿನ್‌ನಂಥ ಫಿಲ್ಟರ್ ನಮ್ಮ ಶಾಖೆಯನ್ನೇ ಯಾರೋ ಹೊರಗಿನವರು ಅಂದ್ಕೊಳ್ಳುತ್ತೆ. ಜೊತೆಗೆ 'ಟ್ರಸ್ಟೆಡ್ ನೆಟ್‌ವರ್ಕ್ಸ್', 'ಇಂಟರ್ನಲ್ ನೆಟ್‌ವರ್ಕ್ಸ್' ಸೆಟ್ಟಿಂಗ್‌ಗಳಲ್ಲಿ ನಿಮ್ಮ ಸರ್ವರ್‌ಗಳೆಲ್ಲ ಇವೆಯಾ ನೋಡಿ. ಸರ್ವರ್ ಮುಂದೊಂದು ಮೇಲ್ ಗೇಟ್‌ವೇ ಇಟ್ಟು ಅದನ್ನ ಇಲ್ಲಿ ಬರೆಯದೇ ಬಿಟ್ರೆ, ಬಂದ ಮೇಲ್ ಎಲ್ಲ ಗೇಟ್‌ವೇಯಿಂದಲೇ ಹುಟ್ಟಿದ ಹಾಗೆ ಕಾಣುತ್ತೆ. ಸರಿಯಾದ ಮೇಲ್ ಕೂಡ, ಕಳಿಸಿದ ಸರ್ವರ್‌ಗೆ ಆ ಡೊಮೇನ್ ಹೆಸರಲ್ಲಿ ಕಳಿಸೋ ಅನುಮತಿ ಇದ್ಯಾ ಅಂತ ನೋಡೋ ಎಸ್‌ಪಿಎಫ್‌ನಲ್ಲಿ ಫೇಲ್ ಆಗುತ್ತೆ.

ಇನ್ನು ಸ್ಪ್ಯಾಮ್‌ಹೌಸ್‌ನಿಂದ ಉತ್ತರ 127.255.255.254 ಬಂದಿದ್ಯಾ? ಹಾಗಂತ ಐಪಿ ಪಟ್ಟಿಯಲ್ಲಿದೆ ಅಂತ ಅರ್ಥ ಅಲ್ಲ. ನೀವು ಗೂಗಲ್‌ನ 8.8.8.8 ಥರದ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದ್ದೀರಿ, 'ಹೀಗೆ ಕೇಳಿದ್ರೆ ಹೇಳಲ್ಲ' ಅಂತ ಸ್ಪ್ಯಾಮ್‌ಹೌಸ್ ಹೇಳ್ತಿದೆ. 127ರಿಂದ ಶುರುವಾಗೋದೆಲ್ಲ ಸ್ಪ್ಯಾಮ್ ಅಂತ ಬರೆದಿಟ್ಟ ಸರ್ವರ್ ಇದನ್ನೂ ಅಪರಾಧ ಅಂತ ಓದ್ಕೊಳ್ಳುತ್ತೆ. ಸ್ವಂತ ಡಿಎನ್‌ಎಸ್ ರಿಸಾಲ್ವರ್ ಹಾಕಿಕೊಳ್ಳಿ.

ನಿಂತುಹೋದ ಪಟ್ಟಿಗಳನ್ನೂ ಕಿತ್ತುಹಾಕಿ. ಒಆರ್‌ಡಿಬಿ ಅನ್ನೋ ಪಟ್ಟಿ 2006ರಲ್ಲೇ ಮುಚ್ಚಿತ್ತು. ಆಮೇಲೂ ಅದನ್ನೇ ಕೇಳ್ತಿದ್ದ ಸರ್ವರ್‌ಗಳಿಗೆ 2008ರ ಮಾರ್ಚ್‌ನಲ್ಲಿ ಎಲ್ಲ ಐಪಿಗೂ 'ಹೌದು, ಪಟ್ಟಿಯಲ್ಲಿದೆ' ಅನ್ನೋ ಉತ್ತರ ಬರೋಕೆ ಶುರುವಾಯ್ತು. ಅಂಥ ಕಡೆ ಒಳ್ಳೇ ಮೇಲ್‌ಗಳೂ ವಾಪಸ್ ಹೋದವು.

ಕೊನೇ ಮಾತು. ರೇಗಿಹೋಗಿ ಇಡೀ ಬ್ರಾಡ್‌ಬ್ಯಾಂಡ್ ಸರಣಿಯನ್ನೇ ಟ್ರಸ್ಟೆಡ್ ಪಟ್ಟಿಗೆ ಹಾಕಬೇಡಿ. ಇವತ್ತು ನಿಮ್ಮ ಶಾಖೆಗೆ ಸಿಕ್ಕಿರೋ ಐಪಿ ನಾಳೆ ಇನ್ಯಾರದ್ದೋ ವೈರಸ್ ಹಿಡಿದ ಕಂಪ್ಯೂಟರ್‌ಗೆ ಸಿಗಬಹುದು. ನಂಬೋದಾದ್ರೆ ಲಾಗಿನ್‌ನ ನಂಬಿ, ಐಪಿಯನ್ನಲ್ಲ.